ಗಾಳಿ ಇನ್ವರ್ಟರಿನ ಬೆನ್ನಿಗೆ ಬೀಳ್ಬೇಕು

ದಾವಣಗೆರೇಲಿ ಮಾರ್ಚ್ ಬಂತು ಅಂದ್ರೆ ಸೋಲಾರ್ ಹಾಕಿಸಿದ ಮನೇಲೆಲ್ಲ ಒಂದೇ ನೋಟ: ಪ್ಯಾನೆಲಿನ ಡಿಸಿ ಕರೆಂಟನ್ನ ಮನೆಗೆ ಬೇಕಾದ ಎಸಿ ಕರೆಂಟು ಮಾಡೋ ಇನ್ವರ್ಟರ್ ಮುಂದೊಂದು ಸ್ಟೂಲು, ಅದರ ಮೇಲೆ ಟೇಬಲ್ ಫ್ಯಾನು. ನೋಡಿದ್ರೆ ಮೈ ಉರೀತೈತೆ. ಮುಂದಿರೋದು ಬರೀ ಮುಚ್ಚಳ ಕಣ್ರಪ್ಪಾ. ಶಾಖ ಹೊರಗೆ ಬರೋದು ಬೆನ್ನಿಗಿರೋ ಅಲ್ಯೂಮಿನಿಯಂ ರೆಕ್ಕೆಗಳಿಂದ. ಮೂರು ಕಿಲೋವ್ಯಾಟಿನದು ಪೂರಾ ಓಡುವಾಗ ನೂರಕ್ಕೆ ಸುಮಾರು ಮೂರು ಪಾಲು, ಅಂದ್ರೆ 90 ವ್ಯಾಟಿನಷ್ಟು, ಆ ಸಂದಿಯಿಂದಲೇ ಹೋಗ್ಬೇಕು.

ಫ್ಯಾನಿಗಿಂತ ಮೊದ್ಲು ಜಾಗ ನೋಡ್ರಿ. ಪಡುವಲ ಗೋಡೆ, ತಗಡಿನ ಶೀಟಿನ ಬುಡ, ಬಾಗಿಲು ಹಾಕಿದ ಮೆಟ್ಟಿಲ ಗೂಡು ಯಾವುದೂ ಬ್ಯಾಡ. ಉತ್ತರದ ಗೋಡೆ, ತಲೆ ಮೇಲೆ ನೆರಳು, ಮೇಲೂ ಕೆಳಗೂ ಮೊಳದಷ್ಟು, ಆಚೀಚೆ ಒಂದೂವರೆ ಗೇಣು ಖಾಲಿ. ಬಹಳಷ್ಟು ಇನ್ವರ್ಟರುಗಳು ಸುತ್ತಲ ಗಾಳಿ 45 ಡಿಗ್ರಿ ಮುಟ್ಟೋ ಹೊತ್ತಿಗೆ ತಾವೇ ಉತ್ಪಾದನೆ ಇಳಿಸ್ಕೊಳ್ತವೆ. ಮೋಡ ಇಲ್ಲದ ದಿನ ಹನ್ನೆರಡರಿಂದ ಎರಡರೊಳಗೆ ಮೊಬೈಲ್ ಆ್ಯಪಿನಲ್ಲಿ ಉತ್ಪಾದನೆ ತೋರ್ಸೋ ಗೆರೆ ಕುಸಿದ್ರೆ ಬಿಸಿಯ ಮೇಲೆ ಅನುಮಾನ ಪಡ್ರಿ. ಇನ್ವರ್ಟರಿನ ಮೇಲೆ ಬರೆದಿರೋ ವ್ಯಾಟಿಗೇ ಬಂದು ಮಟ್ಟಸವಾಗಿ ನಿಂತ್ರೆ ಪ್ಯಾನೆಲ್ ಹೆಚ್ಚಾಗಿದೆ ಅಂತ, ಅದಕ್ಕೆ ಫ್ಯಾನು ಮದ್ದಲ್ಲ. ಹಗ್ಗ ಕಟ್ಟಿ ಸೀರೆ ಒಣಗಿಸಿ ಪ್ಯಾನೆಲ್ ಮೇಲೆ ನೆರಳು ಬೀಳಿಸಿದೋರೂ ಇನ್ವರ್ಟರನ್ನ ಬೈಬೇಡ್ರಿ.

ಕಂಪ್ಯೂಟರಿಗೆ ಹಾಕೋ 120 ಮಿಲಿಮೀಟರಿನ, 12 ವೋಲ್ಟಿನ ಫ್ಯಾನು ಎರಡು ತನ್ನಿ. ಬಾಲ್ ಬೇರಿಂಗಿನದೇ ಕೇಳ್ರಿ. ಸ್ಲೀವ್ ಬೇರಿಂಗಿನದನ್ನ ಅಂಗಾತ ಮಲಗಿಸಿ ಈ ಸೆಕೆಗೆ ಓಡಿಸಿದ್ರೆ ಎಣ್ಣೆ ಒಣಗಿ ಕಿರುಗುಟ್ಟುತ್ತೆ. 12 ವೋಲ್ಟಿನ, ಒಂದು ಆಂಪಿನ ಅಡಾಪ್ಟರು ಎರಡಕ್ಕೂ ಸಾಕು, ಮನೆ ಸಾಕೆಟ್ಟಿನಿಂದ ಕೊಡ್ರಿ. ಇನ್ವರ್ಟರಿನ ತಂತಿಗೆ ಕೈ ಹಾಕ್ಬೇಡ್ರಿ, ಪ್ಯಾನೆಲಿನಿಂದ ಇಳಿಯೋ ಡಿಸಿ ನೂರಾರು ವೋಲ್ಟು. ಕವಚಕ್ಕೆ ತೂತು ಕೊರೆದ್ರೆ ಧೂಳು ಒಳಗೆ, ವಾರಂಟಿ ಹೊರಗೆ.

ಗೋಡೆಗೆ ಎಲ್ ಕ್ಲಾಂಪ್ ಹೊಡೆದು, ಇನ್ವರ್ಟರಿನ ಕೆಳಗಂಚಿಗಿಂತ ನಾಲ್ಕು ಬೆರಳು ಕೆಳಗೆ, ಗೋಡೆಗೆ ಒತ್ತಿಕೊಂಡಂಗೆ ಕೂರಿಸ್ರಿ. ಫ್ಯಾನಿನ ಚೌಕಟ್ಟಿನ ಮೇಲೆ ಗಾಳಿಯ ದಿಕ್ಕು ತೋರ್ಸೋ ಬಾಣ ಆಕಾಶ ನೋಡ್ಬೇಕು. ನಡುವೆ ಹಳೇ ಸೈಕಲ್ ಟ್ಯೂಬಿನ ಚೂರು ಇಟ್ರೆ ಗೋಡೆ ಗುಂಯ್ ಅನ್ನಲ್ಲ.

ಆಮೇಲೆ ಊದುಬತ್ತಿ. ಇದನ್ನ ಬಿಟ್ಟು ಕೆಲಸ ಮುಗೀತು ಅನ್ನೋರನ್ನ ನಾ ನಂಬಲ್ಲ. ಹೊರಗಿನ ಗಾಳಿ ನಿಂತಿರೋ ಹೊತ್ತು ನೋಡಿ, ದಪ್ಪ ಹೊಗೆಯ ಒಂದು ಕಡ್ಡಿ ಹಚ್ರಿ. ಬೂದಿ ಫ್ಯಾನಿಗೆ ಉದುರದಂಗೆ ಪಕ್ಕದಿಂದ ಹಿಡೀರಿ. ಮೊದ್ಲು ಫ್ಯಾನಿನ ಕೆಳಗೆ: ಹೊಗೆ ಸರ್ರನೆ ಎಳಕೊಳ್ಳಬೇಕು. ಎರಡನೇದು ಫ್ಯಾನಿಗೂ ರೆಕ್ಕೆಗೂ ನಡುವೆ: ಸಂದಿಗೆ ನುಗ್ಗಬೇಕು, ಪಕ್ಕಕ್ಕೆ ಚೆಲ್ಲಿದ್ರೆ ಒಂದು ತಗಡಿನ ಪಟ್ಟಿ ಅಡ್ಡ ಕೊಟ್ಟು, ಫ್ಯಾನನ್ನ ಬೆರಳಗಲ ಸರಿಸಿ ಮತ್ತೆ ನೋಡ್ರಿ. ಕೊನೆಗೆ ಮೇಲ್ತುದಿ: ಹೊಗೆ ನೆಟ್ಟಗೆ ಏರಿ ಹೋಗ್ಬೇಕು. ನೆರಳಿನ ಶೀಟಿಗೆ ಬಡಿದು ಮುಂದಿನಿಂದ ಕೆಳಗಿಳಿದ್ರೆ ಅದೇ ಬಿಸಿಗಾಳೀನ ಫ್ಯಾನು ಮತ್ತೆ ನುಂಗ್ತೈತೆ. ಶೀಟನ್ನ ಗೇಣು ಎತ್ತರಿಸ್ರಿ. ಮಾಳಿಗೆ ಮನೆ ಕಾಲದೋರಿಗೆ ಇದನ್ನ ಹೇಳಿಕೊಡೋ ಪ್ರಮೇಯವೇ ಇರ್ಲಿಲ್ಲ. ಗವಾಕ್ಷಿನ ಮೇಲ್ಮುದ್ದೆಗೇ, ಅಂದ್ರೆ ಮಣ್ಣಿನ ಚಾವಣಿಗೇ ಬಿಡ್ತಿದ್ರು, ಬಿಸಿ ಏರಿ ಹೋಗ್ತಿತ್ತು. ಈಗಿನೋರು ಮೇಲಿಂದ ಕೆಳಕ್ಕೆ ಫ್ಯಾನ್ ತಿರುಗಿಸಿ ಏರೋ ಶಾಖಾನ ಅದುಮ್ತಾರೆ!

ರಾತ್ರಿಯೆಲ್ಲ ಓಡಿಸೋದೂ ದಂಡ. ರೆಕ್ಕೆಗೆ ತಾಗೋಹಂಗೆ 45 ಡಿಗ್ರಿಯ ಥರ್ಮಲ್ ಸ್ವಿಚ್ ಹಾಕ್ರಿ. ‘ನಾರ್ಮಲಿ ಓಪನ್’ ಅಂತ ಕೇಳಿ ತರ್ಬೇಕು. ಇನ್ನೊಂದು ನಮೂನೆ ತಂದ್ರೆ ತಂಪಿದ್ದಾಗ ಓಡಿ, ಕಾದಾಗ ನಿಲ್ತೈತೆ.

ತಿಂಗಳಿಗೊಮ್ಮೆ ಧೂಳು ತೆಗೀರಿ, ಮಂಡಕ್ಕಿ ಭಟ್ಟಿ ಕಡೆ ಮನೆಯೋರು ಹದಿನೈದು ದಿನಕ್ಕೆ. ಬಿಸಿಲಿಳಿದ ಮೇಲೆ ಇನ್ವರ್ಟರಿನ ಎಸಿ ಸ್ವಿಚ್ಚು, ಆಮೇಲೆ ಡಿಸಿ ಸ್ವಿಚ್ಚು ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಒಣ ಪೇಂಟ್ ಬ್ರಷ್ಷಿನಿಂದ ಸಂದಿ ಗುಡಿಸ್ರಿ. ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡಿದ್ರೆ ಕಡ್ಡಿಯಿಂದ ಕೆದಕ್ರಿ, ನೀರು ಹೊಡೀಬೇಡ್ರಿ. ಬ್ಲೋವರ್ ಬಿಡೋದಾದ್ರೆ ಫ್ಯಾನಿನ ಎಲೆಗಳನ್ನ ಬೆರಳಲ್ಲಿ ಹಿಡಕೊಂಡೇ ಬಿಡ್ರಿ. ಇಲ್ಲಾಂದ್ರೆ ಗಿರ್ರನೆ ತಿರುಗಿ ಬೇರಿಂಗು ಹಾಳಾಗುತ್ತೆ. ಬ್ಯಾಟರಿಯ ಇನ್ವರ್ಟರಾದ್ರೆ ಹೆಚ್ಚಾಗಿ ಒಳಗೇ ಫ್ಯಾನಿರುತ್ತೆ. ಅದು ಬಿಸಿ ಉಗುಳೋ ಕಿಂಡಿಗೆ ಎದುರಾಗಿ ನಿಮ್ಮ ಫ್ಯಾನು ಇಡ್ಬೇಡ್ರಿ.