ಪಾರ್ಕಿನ್ಸನ್ಸ್‌ನಲ್ಲಿ ದನಿ ಕುಗ್ಗಿದಾಗ: ಮನೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವುದು ಹೇಗೆ

ಪಾರ್ಕಿನ್ಸನ್ಸ್ ಇರುವವರ ಮನೆಗಳಲ್ಲಿ ಒಂದು ಜಗಳ ಮಾಮೂಲು. "ಏನಂದ್ರಿ, ಕೇಳಿಸ್ಲಿಲ್ಲ" ಅಂತ ಹೆಂಡತಿ, "ಮೊದ್ಲು ನಿನ್ನ ಕಿವಿ ತೋರಿಸ್ಕೋ" ಅಂತ ಗಂಡ. ಇಬ್ಬರದ್ದೂ ನಿಜವೇ. ಈ ಕಾಯಿಲೆಯಲ್ಲಿ ದನಿ ಇಳಿಯುತ್ತದೆ, ಜೊತೆಗೆ ತನ್ನ ದನಿ ಎಷ್ಟಿದೆ ಎಂದು ಅಳೆಯುವ ಮೆದುಳಿನ ಲೆಕ್ಕವೂ ತಪ್ಪುತ್ತದೆ. ಪಿಸುಮಾತಿಗೆ ಹತ್ತಿರವಾದ ದನಿ ಅವರಿಗೆ ಸರಿಯಾಗಿಯೇ ಕೇಳಿಸುತ್ತದೆ. ಸರಿಯಾದ ದನಿಯಲ್ಲಿ ಮಾತಾಡಿಸಿದರೆ "ಯಾಕೆ ಕಿರುಚಿಸ್ತೀರ" ಎನ್ನುತ್ತಾರೆ. ಗಂಟಲಿನ ಸ್ನಾಯುಗಳಿಗೆ ಬಲವಿಲ್ಲ ಎಂದಷ್ಟೇ ತಿಳಿದು ಅಭ್ಯಾಸ ಮಾಡಿಸಿದರೆ ಅರ್ಧ ಕೆಲಸವಾದಂತೆ. ಉಳಿದರ್ಧ ಆ ಲೆಕ್ಕವನ್ನು ತಿದ್ದುವುದು.

ಇದೇ ತತ್ವದ ಮೇಲೆ ನಿಂತಿರುವ ಚಿಕಿತ್ಸೆ ಎಲ್‌ಎಸ್‌ವಿಟಿ (ಲೀ ಸಿಲ್ವರ್‌ಮನ್ ವಾಯ್ಸ್ ಟ್ರೀಟ್‌ಮೆಂಟ್) ಲೌಡ್. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಲೊರೇನ್ ರಾಮಿಗ್ ಮತ್ತು ಜೊತೆಗಾರರು ರೂಪಿಸಿದ್ದು. ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆ, 4 ವಾರ, ಒಟ್ಟು 16 ಪಾಠ, ಮನೆಪಾಠ ಬೇರೆ. ಸೂಚನೆ ಮಾತ್ರ ಒಂದೇ: ಗಟ್ಟಿಯಾಗಿ. ನಿಧಾನವಾಗಿ, ಸ್ಪಷ್ಟವಾಗಿ, ಬಾಯಿ ತೆರೆದು, ಉಸಿರು ತುಂಬಿಕೊಂಡು ಎಂದು ಐದಾರು ಸೂಚನೆ ಒಟ್ಟಿಗೆ ಕೊಟ್ಟರೆ ಪಾರ್ಕಿನ್ಸನ್ಸ್ ಮೆದುಳು ಒಂದನ್ನೂ ಹಿಡಿದಿಡುವುದಿಲ್ಲ. ಗಟ್ಟಿ ಎಂಬುದೊಂದನ್ನು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ, ಉಸಿರು ಹೆಚ್ಚುತ್ತದೆ, ಉಚ್ಚಾರಣೆಯೂ ತಿಳಿಯಾಗುತ್ತದೆ. ಬ್ರಿಟನ್ನಿನಲ್ಲಿ 388 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪಿಡಿ ಕಾಮ್ ಅಧ್ಯಯನದಲ್ಲಿ ಈ ಪದ್ಧತಿ, ಅಲ್ಲಿ ವಾಡಿಕೆಯಲ್ಲಿದ್ದ ಮಾತಿನ ಚಿಕಿತ್ಸೆಗಿಂತ ಹೆಚ್ಚು ಪ್ರಯೋಜನ ಕೊಟ್ಟಿತು. ಅದನ್ನು ತರಬೇತಾದ ಥೆರಪಿಸ್ಟ್ ಮಾತ್ರ ಮಾಡಿಸಬೇಕು. ಕೆಳಗೆ ಇರುವುದು ಅದೇ ತತ್ವದ ಮನೆ ಅಭ್ಯಾಸ.

ಕನ್ನಡ ಮಾತಾಡುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಪುಸ್ತಕಗಳ ಅಭ್ಯಾಸಗಳಲ್ಲಿ ಅದು ಸಿಗುವುದಿಲ್ಲ. ಪಾರ್ಕಿನ್ಸನ್ಸ್ ದನಿ ವಾಕ್ಯದ ಮೊದಲಲ್ಲಿ ಪರವಾಗಿಲ್ಲ ಅನ್ನಿಸಿ, ಉಸಿರು ಕರಗಿದಂತೆ ಕೊನೆಯಲ್ಲಿ ಅಡಗುತ್ತದೆ. ಕನ್ನಡದಲ್ಲಿ ಮುಖ್ಯವಾದದ್ದೆಲ್ಲ ಕೂತಿರುವುದು ಆ ಕೊನೆಯಲ್ಲೇ: ಬೇಕೋ ಬೇಡವೋ, ಬಂದರೋ ಬರಲಿಲ್ಲವೋ, ಯಾರು ಬಂದರು, ಹೇಳಿಕೆಯೋ ಪ್ರಶ್ನೆಯೋ. "ನಂಗೆ ಮಾತ್ರೆ ಈಗ..." ತನಕ ಕೇಳಿಸಿ ಮುಂದಿನದು ಗಾಳಿಯಲ್ಲಿ ಹೋದರೆ ಕೇಳಿಸಿಕೊಂಡವರ ಕೈಗೆ ಏನೂ ಸಿಕ್ಕಿರುವುದಿಲ್ಲ. ಹಾಗಾಗಿ ನಮ್ಮ ಅಭ್ಯಾಸದ ಗುರಿ ಕೊನೆಯ ಪದದ ಕೊನೆಯ ಸ್ವರ. ಅದು ಮೊದಲ ಪದದಷ್ಟೇ ಗಟ್ಟಿಯಾಗಿರಬೇಕು.

ಶುರು ಮಾಡುವ ಮುಂಚೆ

ಇ.ಎನ್.ಟಿ. ವೈದ್ಯರಲ್ಲಿ ಗಂಟಲಿನ ಒಳಗೆ ಸ್ಕೋಪ್ ಹಾಕಿಸಿ ನೋಡಿಸಿ. ಧ್ವನಿತಂತುಗಳ ಮೇಲೆ ಗಂಟು ಇದ್ದರೆ, ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲು ಕೆಂಪಾಗಿದ್ದರೆ, ಗಟ್ಟಿ ಮಾತಿನ ಅಭ್ಯಾಸ ಅದನ್ನು ಹೆಚ್ಚಿಸುತ್ತದೆ. ಅದೇ ದಿನ ಗಂಡ ಹೆಂಡತಿ ಇಬ್ಬರ ಕಿವಿ ಪರೀಕ್ಷೆಯೂ ಆಗಲಿ. ಇಳಿವಯಸ್ಸಿನ ಮನೆಯಲ್ಲಿ ಇಬ್ಬರಿಗೂ ಕಿವಿ ಮಂದವಾಗಿರುವುದು ಅಪರೂಪವಲ್ಲ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಅಥವಾ ಕಣ್ಣಿನ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹೊತ್ತು ಬಹಳ ಮುಖ್ಯ. ಪಾರ್ಕಿನ್ಸನ್ಸ್‌ಗೆ ಕೊಡುವ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರೆ ನುಂಗಿದ ಮೇಲೆ ಕೈಕಾಲು ಸಡಿಲವಾಗಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಭ್ಯಾಸ ಆ ಹಿಡಿತ ಸಿಕ್ಕ ಮೇಲೆ. ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಮಾಡಿಸಿದರೆ ಸೋತ ಅನುಭವ ಮಾತ್ರ ಉಳಿಯುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು: ನಸುಗುನ್ನಿ ಬೀಜದಲ್ಲಿ ಇರುವುದೂ ಲೆವೊಡೋಪಾವೇ. ಅದರ ಪುಡಿಯನ್ನು ನರರೋಗ ತಜ್ಞರಿಗೆ ಹೇಳದೆ ಮಾತ್ರೆಯ ಜೊತೆ ತೆಗೆದುಕೊಂಡರೆ ಒಟ್ಟು ಡೋಸ್ ಎಷ್ಟಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಬೇಕಾದ ಸಾಮಾನು ಇಷ್ಟೇ: ಕೈ ಇರುವ ಗಟ್ಟಿ ಕುರ್ಚಿ, ನೀರು, ಸೆಕೆಂಡು ತೋರಿಸುವ ಗಡಿಯಾರ, ಒಂದು ನೋಟ್‌ಬುಕ್, ಶಬ್ದ ಅಳೆಯುವ ಆ್ಯಪ್ ಹಾಕಿದ ಮೊಬೈಲ್. ಮೊಬೈಲನ್ನು ಪ್ರತಿದಿನ ತುಟಿಯಿಂದ 30 ಸೆಂ.ಮೀ. ದೂರದಲ್ಲೇ ಇಡಿ, ಶಾಲೆಯ ಅಡಿಪಟ್ಟಿ ಇಟ್ಟು ಅಳೆದರೆ ಸಾಕು. ಆ ದೂರದಲ್ಲಿ ಸಹಜ ಮಾತು 70 ಡೆಸಿಬೆಲ್ ಸುತ್ತಮುತ್ತ ಬರುತ್ತದೆ. ಆದರೆ ಮೊಬೈಲ್ ಆ್ಯಪ್‌ಗಳ ಅಂಕಿ ಒಂದೊಂದು ಫೋನಿನಲ್ಲಿ ಒಂದೊಂದು ಥರ. ಹಾಗಾಗಿ ನಿನ್ನೆಯ ಅಂಕಿಗೆ ಇಂದಿನದನ್ನು ಹೋಲಿಸಿ ನೋಡಿ, ಪಕ್ಕದ ಮನೆಯವರ ಫೋನಿನ ಅಂಕಿಗಲ್ಲ.

ದಿನದ ಅಭ್ಯಾಸ

ಕುರ್ಚಿಯ ಹಿಂಬದಿಗೆ ಬೆನ್ನು ತಾಗಿಸಿ, ಪಾದ ಎರಡೂ ನೆಲದ ಮೇಲೆ ಊರಿ, ಗಲ್ಲ ಎದೆಗೆ ಬೀಳದಂತೆ ಕೂರಿಸಿ. ಬಾಗಿ ಕೂತ ಎದೆಗೆ ಉಸಿರು ಹಿಡಿಸುವುದಿಲ್ಲ. ಬಾಯಲ್ಲಿ ಜೊಲ್ಲು ನಿಂತಿದ್ದರೆ ಮೊದಲು ನುಂಗಲಿ. (ಜೊಲ್ಲು ಹೆಚ್ಚು ಉತ್ಪತ್ತಿಯಾಗುತ್ತಿದೆ ಎಂದು ತಿಳಿಯಬೇಡಿ. ನುಂಗುವ ಸಲ ಕಡಿಮೆಯಾಗಿರುತ್ತದೆ, ಅಷ್ಟೇ.)

1. ಉದ್ದದ "ಆ". ಆಳವಾಗಿ ಉಸಿರೆಳೆದು, ಬಾಯಿ ಅಗಲಿಸಿ, ಗಟ್ಟಿಯಾಗಿ "ಆ..." ಎಷ್ಟು ಹೊತ್ತು ಎಳೆಯಲಾಗುತ್ತದೋ ಅಷ್ಟು ಹೊತ್ತು, 10ರಿಂದ 15 ಸಲ. ಪ್ರತಿ ಸಲದ ಸೆಕೆಂಡು ಮತ್ತು ಡೆಸಿಬೆಲ್ ಬರೆದಿಡಿ. 8 ಸೆಕೆಂಡು ಒಂದೇ ಗಟ್ಟಿಯಲ್ಲಿ ನಿಂತ "ಆ", ಕೊನೆಯಲ್ಲಿ ಅಲುಗಾಡಿ ಕರಗುವ 15 ಸೆಕೆಂಡಿನ "ಆ"ಗಿಂತ ಮೇಲು. ದನಿ ನಡುಗಲು ಶುರುವಾದ ಕೂಡಲೇ ನಿಲ್ಲಿಸಿ ಮುಂದಿನದಕ್ಕೆ ಹೋಗಿ.

2. ಏರುವ ಮತ್ತು ಇಳಿಯುವ "ಆ". ಸಹಜ ಸ್ಥಾಯಿಯಿಂದ ಶುರು ಮಾಡಿ ಆದಷ್ಟು ಮೇಲಕ್ಕೆ ಏರಿಸಿ, ಅಲ್ಲಿ 5 ಸೆಕೆಂಡು ನಿಲ್ಲಿಸಬೇಕು. ಹೀಗೆ 10 ಸಲ. ಆಮೇಲೆ ಕೆಳಕ್ಕೆ 10 ಸಲ. ಒಂದೇ ಏರಿಳಿತದ ಸಪ್ಪೆ ಮಾತಿಗೆ ಇದು ಮದ್ದು. ಬೆನ್ನಿಗೇ ಜೋಡಿ ಮಾತುಗಳನ್ನು ಹೇಳಿಸಿ: "ಬಂದ್ರು" – "ಬಂದ್ರಾ?", "ಊಟ ಆಯ್ತು" – "ಊಟ ಆಯ್ತಾ?" ಕಣ್ಣು ಮುಚ್ಚಿ ಕೂತ ಮನೆಯವರು ಯಾವುದು ಪ್ರಶ್ನೆ ಎಂದು ಗುರುತಿಸಬೇಕು. ತಪ್ಪಿದರೆ ಇನ್ನೊಮ್ಮೆ.

3. ಹತ್ತು ದಿನಬಳಕೆಯ ಮಾತು. ರೋಗಿ ನಿಜವಾಗಿ ದಿನಾ ಆಡುವ ಹತ್ತು ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ: "ಕಾಫಿಗೆ ಸಕ್ಕರೆ ಬೇಡ", "ಫ್ಯಾನ್ ಸ್ವಲ್ಪ ಕಮ್ಮಿ ಮಾಡು", "ಫೋನ್ ಯಾರದ್ದು?", "ನಂಗೆ ಇನ್ನೂ ಮಾತ್ರೆ ಕೊಟ್ಟಿಲ್ಲ". ಪ್ರತಿಯೊಂದನ್ನೂ 5 ಸಲ. ಕೊನೆಯ ಪದ ಇಳಿದರೆ ಆ ಸಲ ಲೆಕ್ಕಕ್ಕಿಲ್ಲ. ಧಾರವಾಡದವರಿಗೆ ಧಾರವಾಡದ ಮಾತೇ ಇರಲಿ, ಕುಂದಾಪುರದವರಿಗೆ ಅಲ್ಲಿನದೇ. ಪುಸ್ತಕದ ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಅಡುಗೆಮನೆಗೆ ಹೋಗಿ ಪಿಸುಗುಟ್ಟಿದರೆ ಫಲವೇನು?

4. ಒತ್ತಿನ ಜೋಡಿಗಳು. ನಾಲಿಗೆ, ತುಟಿ ಪೂರ್ತಿ ಮುಟ್ಟದೆ ಜಾರಿದಾಗ ಕ, ಟ, ಪ ಎಲ್ಲ ಗಾಳಿಯಾಗುತ್ತವೆ. ಒತ್ತಕ್ಷರ ಸವೆದು ಒಂಟಿಯಾಗುತ್ತದೆ. "ಕತೆ – ಕತ್ತೆ", "ಮಗ – ಮಗ್ಗ", "ಎಲೆ – ಎಲ್ಲೆ". ಸ್ವರದ ಉದ್ದಕ್ಕೆ "ಮರ – ಮಾರ", "ಕಡು – ಕಾಡು". ಐದು ನಿಮಿಷ ಸಾಕು.

5. ಓದು, ಆಮೇಲೆ ಹರಟೆ. ಮೊದಲ ವಾರ ಪತ್ರಿಕೆಯ ತಲೆಬರಹ, ಎರಡನೆಯ ವಾರ ಎರಡು ಮೂರು ಸಾಲಿನ ಸುದ್ದಿ, ಮೂರನೆಯದರಲ್ಲಿ ಪೂರ್ತಿ ಪ್ಯಾರಾ, ನಾಲ್ಕನೆಯದರಲ್ಲಿ ಓದಿದ್ದರ ಬಗ್ಗೆ ಮಾತುಕತೆ. ಉದ್ದ ವಾಕ್ಯಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಕ್ರಿಯಾಪದದ ಮುಂಚೆ ಒಂದು ಗೆರೆ ಇರಲೇಬೇಕು.

ಒಟ್ಟು 40ರಿಂದ 60 ನಿಮಿಷವಾಗುತ್ತದೆ. ಒಂದೇ ಸಲಕ್ಕೆ ಆಯಾಸವಾದರೆ ಎರಡು ಹೊತ್ತು ಮಾಡಿ, ಆದರೆ ಮೊದಲ ತಿಂಗಳು ವಾರದಲ್ಲಿ ಒಂದಿಷ್ಟು ದಿನ ಬಿಟ್ಟು ಬಿಟ್ಟು ಮಾಡಬೇಡಿ.

ಲೆಕ್ಕ ತಿದ್ದುವ ಭಾಗವೇ ಜನ ಬಿಟ್ಟುಬಿಡುವುದು. ಒಂದು ಸಲ ಅವರ ಮಾಮೂಲಿ ದನಿಯಲ್ಲಿ ಎರಡು ಸಾಲು ಓದಿಸಿ ರೆಕಾರ್ಡ್ ಮಾಡಿ. ಅದನ್ನೇ ಗಟ್ಟಿಯಾಗಿ ಓದಿಸಿ ಇನ್ನೊಂದು ರೆಕಾರ್ಡ್. ಕೇಳಿಸುವ ಮುಂಚೆ ಕೇಳಿ: "ಎರಡನೇದು ಹೇಗಿತ್ತು?" ಉತ್ತರ ಬಹುತೇಕ "ಕಿರುಚಿದ ಹಾಗಿತ್ತು". ಈಗ ಎರಡನ್ನೂ ಕೇಳಿಸಿ. ತಮ್ಮ ಕಿರುಚಾಟ ಎಂದುಕೊಂಡದ್ದು ಬರೀ ಸಹಜ ಮಾತು ಎಂದು ಅವರ ಕಿವಿಗೇ ಗೊತ್ತಾಗಬೇಕು. ನಾವು ಎಷ್ಟು ಹೇಳಿದರೂ ಆಗುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಹೀಗೆ ಮಾಡಿ.

ಎಲ್ಲಿ ಕೆಡುತ್ತದೆ

ಕುತ್ತಿಗೆಯ ನರ ಉಬ್ಬಿ, ಭುಜ ಮೇಲೆದ್ದು, ದನಿ ಒರಟಾದರೆ ಅದು ಗಟ್ಟಿಯಲ್ಲ, ಗಂಟಲು ಹಿಸುಕಿದ್ದು. "ಆ" ಬಿಟ್ಟು "ಹಾ" ಎಂದು ಶುರು ಮಾಡಿಸಿ. ಮೊದಲು ಉಸಿರು ಹೊರಟು ಆಮೇಲೆ ದನಿ ಸೇರುವುದರಿಂದ ಬಿಗಿ ಸಡಿಲವಾಗುತ್ತದೆ. "ಜೋರಾಗಿ ಕೂಗಿ" ಎನ್ನುವ ಬದಲು "ಪಡಸಾಲೆಯಿಂದ ಅಡುಗೆಮನೆಗೆ ಕೇಳಿಸ್ಲಿ" ಎನ್ನಿ. ಅಭ್ಯಾಸದ ನಂತರ ಸ್ವಲ್ಪ ಹೊತ್ತು ದನಿ ಒಡೆದಂತಿದ್ದರೆ ನೀರು ಕುಡಿದು ವಿಶ್ರಾಂತಿ ಕೊಟ್ಟು ನೋಡಬಹುದು. ನೋವಿದ್ದರೆ ನಿಲ್ಲಿಸಿ. ತಲೆಸುತ್ತು ಬಂದರೆ "ಆ"ಗಳ ನಡುವೆ ಎರಡು ಮೂರು ಸಹಜ ಉಸಿರಿನ ಬಿಡುವು ಕೊಡಿ.

ಗಟ್ಟಿಯಾದರೂ ಮಾತು ಓಡುತ್ತದೆ, ಪದಗಳು ಒಂದರ ಮೇಲೊಂದು ಬೀಳುತ್ತವೆ ಎಂದಾದರೆ ನಡುಕ ಕಡಿಮೆ ಇರುವ ಕೈಯಿಂದ ತೊಡೆ ತಟ್ಟುತ್ತ, ಒಂದು ಪದಕ್ಕೆ ಒಂದು ತಟ್ಟು. ಉದ್ದ ಪದಗಳನ್ನು ಒಡೆಯಬಹುದು: "ಹೋಗ್ತಾ / ಇದೀನಿ". ಬೆರಳೂ ಮಾತಿನ ಜೊತೆ ಓಡಿದರೆ, ಒಂದು ಹಲಗೆಯ ಮೇಲೆ ಐದು ಬಣ್ಣದ ಚೌಕ ಅಂಟಿಸಿ, ಪದಕ್ಕೊಂದು ಚೌಕ ಮುಟ್ಟಿಸಿ. ಕೈ ಸರಿಸಲು ಹಿಡಿಯುವ ಹೊತ್ತು ಮಾತನ್ನು ತಡೆಯುತ್ತದೆ. ಬಾಯಿಪಾಠದ ಸ್ತೋತ್ರ ಹೇಳಿಸುವುದನ್ನು ಹಲವರು ಒಳ್ಳೆಯ ಅಭ್ಯಾಸ ಎಂದುಕೊಂಡಿದ್ದಾರೆ. ಬಾಯಿಗೆ ಬಂದದ್ದು ಯೋಚನೆಯಿಲ್ಲದೆ ಹೊರಡುವುದರಿಂದ ಅದರಲ್ಲೇ ಓಟ ಹೆಚ್ಚು. ಭಜನೆ, ದೇವರನಾಮ ರಾಗವಾಗಿ ಹಾಡುವುದು ಬೇರೆ. ಅದು ಉಸಿರಿಗೂ ಮನಸ್ಸಿಗೂ ಒಳ್ಳೆಯದು. ಆದರೆ ಹಾಡಿನ ಗಟ್ಟಿ ತಾನಾಗಿ ಮಾತಿಗೆ ಇಳಿದು ಬರುವುದಿಲ್ಲ.

ಕೆನ್ನೆ ಉಬ್ಬಿಸು, ನಾಲಿಗೆ ಚಾಚು, ತುಟಿ ಎಳೆ ಎಂಬ ಜೆರಾಕ್ಸ್ ಹಾಳೆಗಳು ಎಲ್ಲೆಡೆ ಸಿಗುತ್ತವೆ. ಮಾತಿಲ್ಲದ ಈ ಕಸರತ್ತುಗಳಿಂದ ಮಾತು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಇರುವ ಒಂದು ಗಂಟೆಯ ಶಕ್ತಿಯನ್ನು ಮಾತಿಗೇ ಹಾಕಿ. ಇನ್ನೊಂದು ಗೊಂದಲ: ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಉಸಿರು ಒಳಗೆಳೆಯುವ ಸಾಧನ. ಕೆಮ್ಮಿನ ಬಲಕ್ಕೆ, ನುಂಗುವಿಕೆಗೆ ಥೆರಪಿಸ್ಟರು ಹೇಳುವುದು ಒತ್ತಡಕ್ಕೆ ಎದುರಾಗಿ ಊದುವ ಬೇರೊಂದು ಸಾಧನ, ಸಾಮಾನ್ಯವಾಗಿ 5 ಊದುಗಳ 5 ಸುತ್ತು, ವಾರಕ್ಕೆ 5 ದಿನ. ಅದರ ಒತ್ತಡವನ್ನು ಅಳತೆ ಮಾಡಿ ಕೂರಿಸಬೇಕಾದ್ದರಿಂದ ಸ್ವಂತವಾಗಿ ತಿರುಗಿಸಬೇಡಿ.

ಮನೆಯವರು ಹೇಳಬೇಕಾದ್ದು ಒಂದೇ ಮಾತು, "ಗಟ್ಟಿ". "ಏನು? ಏನು?" ಎಂದು ಮತ್ತೆ ಮತ್ತೆ ಕೇಳಿದರೆ ಮಾತಾಡುವುದನ್ನೇ ಬಿಡುತ್ತಾರೆ. ಕೇಳಿಸಿದಷ್ಟನ್ನು ಹೇಳಿ, ಬಿಟ್ಟದ್ದನ್ನು ಕೇಳಿ: "ನಾಳೆ ಬ್ಯಾಂಕಿಗೆ... ಹೋಗೋದಾ, ಬೇಡ್ವಾ ಅಪ್ಪ?" ವಾಕ್ಯವನ್ನು ನೀವೇ ಮುಗಿಸಬೇಡಿ. ಟಿ.ವಿ., ಮಿಕ್ಸಿ ನಿಲ್ಲಿಸಿ ಎದುರು ಕೂತು ಮಾತಾಡಿ. ನಡೆಯುತ್ತಿರುವಾಗ ಮಾತಾಡಿಸಬೇಡಿ, ಕಾಲು ನಿಲ್ಲುತ್ತದೆ, ಇಲ್ಲ ದನಿ ನಿಲ್ಲುತ್ತದೆ, ಬೀಳುವ ಅಪಾಯ ಬೇರೆ.

ನುಂಗುವುದರ ಕಡೆ ಕಣ್ಣಿಡಿ

ಮಾತು ಕುಗ್ಗಿದವರಲ್ಲಿ ನುಂಗುವುದೂ ಕುಗ್ಗಿರಬಹುದು, ಕೆಮ್ಮು ಬಾರದೆಯೇ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಊಟದ ನಂತರ ದನಿ ಗೊರಗೊರ ಎನ್ನುವುದು, ಊಟ ವಿಪರೀತ ನಿಧಾನವಾಗುವುದು, ತೂಕ ಇಳಿಯುವುದು, ಕಾರಣವಿಲ್ಲದ ಜ್ವರ ಮರುಕಳಿಸುವುದು ಕಂಡರೆ ಮಾತಿನ ಅಭ್ಯಾಸಕ್ಕೆ ಮೊದಲು ನುಂಗುವ ಪರೀಕ್ಷೆ ಆಗಲಿ.

ನಮ್ಮ ಕೆಲವು ರೂಢಿಗಳು ಇಲ್ಲಿ ಅಪಾಯಕಾರಿ. ಲೋಟ ಎತ್ತಿ, ಕತ್ತು ಹಿಂದಕ್ಕೆ ಹಾಕಿ ನೀರು ಸುರಿದುಕೊಳ್ಳುವುದನ್ನು ಬಿಡಿಸಿ. ಕಚ್ಚಿಯೇ ಕುಡಿಯಲಿ, ಸಣ್ಣ ಗುಟುಕು, ಗಲ್ಲ ಸಮವಾಗಿ. ರಾಗಿ ಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸ ಇರುವವರಿಗೆ ಮುದ್ದೆಯ ಬದಲು ದಪ್ಪ ಅಂಬಲಿ ಕೊಡಿ. ತಿಳಿಸಾರಿನ ಅನ್ನ ಸುಲಭವೆನಿಸಿದರೂ ಕಷ್ಟದ್ದು: ನೀರು ಮೊದಲು ಜಾರುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಬೇಳೆ ಸೇರಿಸಿ ಒಂದೇ ಹದಕ್ಕೆ ಮಿದ್ದರೆ ಮೇಲು. ಮಾತ್ರೆ ನೀರಿನಲ್ಲಿ ಇಳಿಯದಿದ್ದರೆ ಒಂದು ಚಮಚ ಮಿದ್ದ ಹಣ್ಣಿನ ತಿರುಳಿನಲ್ಲಿ ಇಟ್ಟು ಕೊಡಬಹುದು; ಮೊಸರು, ಹಾಲಿನ ಪ್ರೋಟೀನು ಲೆವೊಡೋಪಾ ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತದೆ. ನಿಧಾನವಾಗಿ ಕರಗುವ ಸಿ.ಆರ್. ಮಾತ್ರೆಯನ್ನು ಮಾತ್ರ ಪುಡಿ ಮಾಡಬಾರದು. ಗಲ್ಲ ಎದೆಗೆ ತಂದು ನುಂಗುವ ಉಪಾಯ ಎಲ್ಲರಿಗೂ ಹೊಂದುವುದಿಲ್ಲ, ಪರೀಕ್ಷಿಸಿದವರು ಹೇಳಿದರೆ ಮಾತ್ರ.

ಯಾರ ಹತ್ತಿರ ಹೋಗುವುದು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗದ ಜೊತೆಗೆ ಮಾತಿನ ವಿಭಾಗವೂ ಇದೆ. ಬೇರೆ ಊರಿನಲ್ಲಿ ಥೆರಪಿಸ್ಟರನ್ನು ಹುಡುಕುವಾಗ ಎರಡು ಪ್ರಶ್ನೆ ಕೇಳಿ: ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಪಾರ್ಕಿನ್ಸನ್ಸ್ ರೋಗಿಗಳಿಗೆ ಗಟ್ಟಿ ದನಿಯ ತರಬೇತಿ ಕೊಟ್ಟಿದ್ದೀರಾ. ಮಕ್ಕಳ ಮಾತಿನ ತೊಂದರೆಯಲ್ಲಷ್ಟೇ ಪಳಗಿದವರಿಗೆ ಇದು ಹೊಸದಾಗಿರಬಹುದು. ಮೆದುಳಿನೊಳಗೆ ತಂತಿ ಇಟ್ಟು ಯಂತ್ರದಿಂದ ಸಣ್ಣ ವಿದ್ಯುತ್ ಹರಿಸುವ ಡಿ.ಬಿ.ಎಸ್. ಆಪರೇಷನ್ ಮಾಡಿಸುವ ಯೋಚನೆ ಇದ್ದರೆ ಮುಂಚೆಯೇ ಮಾತಿನ ರೆಕಾರ್ಡ್ ಮಾಡಿಸಿಡಿ. ನಡುಕ ತಗ್ಗಿದರೂ ಕೆಲವರಲ್ಲಿ ಮಾತು ಕೆಡುತ್ತದೆ, ಯಂತ್ರದ ಹೊಂದಾಣಿಕೆ ಬದಲಿಸುವಾಗ ಆ ರೆಕಾರ್ಡ್ ಬೇಕಾಗುತ್ತದೆ.

ಉಚ್ಚಾರಣೆ ತಿಳಿಯಾಗಿದ್ದು ದನಿ ಮಾತ್ರ ಸಾಲದವರಿಗೆ ಟ್ಯೂಷನ್ ಮೇಷ್ಟ್ರುಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್-ಸ್ಪೀಕರ್ ಉಪಯೋಗಕ್ಕೆ ಬರುತ್ತದೆ. ಓಡುವ, ಕಲಸಿದ ಮಾತಿಗೆ ಅದು ಬೇಡ. ಕಲಸಿದ್ದೇ ದೊಡ್ಡದಾಗಿ ಕೇಳಿಸುತ್ತದೆ.

ನಾಲ್ಕು ವಾರ ಮುಗಿದ ಮೇಲೆ ದಿನಕ್ಕೆ 10–15 ನಿಮಿಷಕ್ಕೆ ಇಳಿಸಬಹುದು: ಐದಾರು "ಆ", ಹತ್ತು ಮಾತು, ಒಂದು ಪುಟ ಓದು. ದಿನಕ್ಕೊಂದು ಫೋನ್ ಕರೆ ಅವರೇ ಮಾಡಲಿ; ಮುಖ ಕಾಣದ ಆ ಕಡೆಯವರಿಗೆ ಅರ್ಥವಾದರೆ ಅಭ್ಯಾಸ ಕೈಗೂಡಿದೆ ಎಂದರ್ಥ. ಆರು ತಿಂಗಳಿಗೊಮ್ಮೆ ಥೆರಪಿಸ್ಟರಿಗೆ ನೋಟ್‌ಬುಕ್ ತೋರಿಸಿ. ದನಿ ಒಡೆದದ್ದು ಎರಡು ವಾರ ದಾಟಿದರೆ ಅಷ್ಟು ಕಾಯದೆ ಇ.ಎನ್.ಟಿ. ವೈದ್ಯರಲ್ಲಿಗೆ ಹೋಗಿ.