ಸೀಟು ಸಿಗುವ ಮೊದಲು ಪಹಣಿ ತೆಗೆದು ನೋಡಿ

ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ಕೊಡಗಿನ ನಾಪೋಕ್ಲು ಕಡೆಯ ಕಾಫಿ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಶಾಖೆಗೆ ಬಂದಿದ್ದರು. ಕಾಗದಗಳೆಲ್ಲ ಗೊಬ್ಬರದ ಚೀಲದ ಒಳಪದರದಲ್ಲಿ ಸುತ್ತಿಕೊಂಡಿದ್ದವು. ಹುಡುಗಿಗೆ ಮಂಗಳೂರಿನಲ್ಲಿ ದಂತ ವೈದ್ಯಕೀಯ ಸೀಟು ಸಿಕ್ಕಿತ್ತು. ಶುಲ್ಕ ಕಟ್ಟಲು ಉಳಿದದ್ದು ನಾಲ್ಕು ದಿನ. ಹನ್ನೆರಡು ಎಕರೆ ತೋಟವಿರುವ ಮನೆ, ಸಾಲಕ್ಕೇನು ತೊಂದರೆ ಎಂದು ನಾನೂ ಅಂದುಕೊಂಡೆ. ಪಹಣಿ ಬಿಡಿಸಿದರೆ ಖಾತೆ ಇನ್ನೂ ಅವರ ಅಜ್ಜನ ಹೆಸರಿನಲ್ಲಿತ್ತು. ಋಣಗಳನ್ನು ಬರೆಯುವ 11ನೇ ಕಾಲಂನಲ್ಲಿ ಎಂದೋ ತೀರಿಸಿದ ಬೆಳೆ ಸಾಲ ಹಾಗೆಯೇ ಉಳಿದಿತ್ತು. ಕೊನೆಗೆ ಅವರು ಕಾಫಿ ವ್ಯಾಪಾರಿಯಿಂದ ಮುಂದಿನ ಫಸಲಿನ ಮೇಲೆ ಮುಂಗಡ ತಂದರು. ಆ ವರ್ಷದ ಕಾಫಿ ವ್ಯಾಪಾರಿ ಹೇಳಿದ ಬೆಲೆಗೇ ಹೋಯಿತು. ಬ್ಯಾಂಕಿನ ಸಾಲದ ಮೇಜಿನಲ್ಲಿ ಕುಳಿತಿದ್ದಷ್ಟು ವರ್ಷವೂ ಇಂಥದ್ದನ್ನು ನೋಡಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಮೊದಲ ವರ್ಷದ ಶುಲ್ಕವನ್ನಷ್ಟೇ ಅಲ್ಲ, ಇಡೀ ಕೋರ್ಸಿನ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹಾಸ್ಟೆಲ್, ಊಟ, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಊರಿಗೆ ಬಂದುಹೋಗುವ ಬಸ್ಸಿನ ಖರ್ಚು ಎಲ್ಲವೂ ಇರಲಿ. ಮನೆಯಿಂದ ಓಡಾಡಿ ಓದುವ ಅವಕಾಶವಿದ್ದರೆ ಮಡಿಕೇರಿಯ ವೈದ್ಯಕೀಯ ಕಾಲೇಜು, ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ಅಥವಾ ಎಂಜಿನಿಯರಿಂಗ್ ಕಾಲೇಜಿಗೂ ಒಂದು ಸಾಲು ಮೀಸಲಿಡಿ.

ಎರಡನೆಯದು, ಫಸಲಿನ ಹಣ ತೆಗೆದಿಡುವುದು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ಅದರ ಬೆನ್ನಿಗೆ ಕರಿಮೆಣಸು. ಕಾಲೇಜು ಹಣ ಕೇಳುವುದು ಮಾತ್ರ ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಗೊಬ್ಬರ, ಕಪಾತು, ಕೂಲಿ, ಎರಡು ಮದುವೆ ಎಂದು ಹಣ ಕರಗಿರುತ್ತದೆ. ಆದ್ದರಿಂದ ಕಾಫಿ ಮಾರಿದ ವಾರದಲ್ಲೇ ಒಂದು ಪಾಲನ್ನು ಜೂನ್ ಕೊನೆಗೆ ಅವಧಿ ಮುಗಿಯುವ ಠೇವಣಿಯಲ್ಲಿ ಇಡಿ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಹೊಸ ವಾಹನ ತಂದವರನ್ನೂ ನೋಡಿದೆ, ಮೂರು ವರ್ಷದ ಶುಲ್ಕ ತೆಗೆದಿಟ್ಟವರನ್ನೂ ನೋಡಿದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಮುಂದಿನ ಫಸಲನ್ನು ನಂಬಿ ಶುಲ್ಕ ಗೊತ್ತುಮಾಡಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಮಗಳು ಚಿಕ್ಕವಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ 250 ರೂಪಾಯಿಯಿಂದ 1.5 ಲಕ್ಷದವರೆಗೆ ಕಟ್ಟಬಹುದು. ಅವಳಿಗೆ ಹದಿನೆಂಟು ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಮುಗಿದ ಮೇಲೆ ಓದಿಗಾಗಿ ಹಿಂದಿನ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು. ಮನೆ ಬಾಗಿಲಿಗೆ ಬಂದು ‘ಮಕ್ಕಳ ಪಾಲಿಸಿ’ ಮಾರುವವರಿಗೆ ಮಾತ್ರ ಬೇಡ ಎಂದೇ ಹೇಳಿ. ವಿಮೆಯೂ ಉಳಿತಾಯವೂ ಬೆರೆತ ಇಂಥ ಪಾಲಿಸಿಗಳಲ್ಲಿ ಎರಡೂ ಅರೆಬರೆ. ಮಧ್ಯದಲ್ಲಿ ನಿಲ್ಲಿಸಿದರೆ ಕಟ್ಟಿದ ಹಣವೂ ಪೂರ್ತಿ ಬರುವುದಿಲ್ಲ. ತಂದೆಯ ಹೆಸರಿನಲ್ಲಿ ಒಂದು ಸರಳ ಅವಧಿ ವಿಮೆ ಸಾಕು, ಉಳಿತಾಯ ಬೇರೆಯೇ ಇರಲಿ.

ಮೂರನೆಯದು, ವಿದ್ಯಾರ್ಥಿವೇತನ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹೆಚ್ಚಿನ ಅರ್ಜಿಗಳು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಮನೆ ಹೆಸರು ಮುಂದೆ ಬರುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅದು ಒಂದಕ್ಷರಕ್ಕೆ ಇಳಿದಿರುತ್ತದೆ, ಆಧಾರ್‌ನಲ್ಲಿ ಪೂರ್ತಿ ಇರುತ್ತದೆ, ಬ್ಯಾಂಕ್ ಖಾತೆಯಲ್ಲಿ ಕೊನೆಗೆ ಹೋಗಿರುತ್ತದೆ. ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಇರುವಂತೆ ಪಿಯುಸಿ ಸೇರುವ ಮೊದಲೇ ಸರಿಪಡಿಸಿ. ಮಗುವಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಆಗಿಲ್ಲದಿದ್ದರೆ ಮಂಜೂರಾದ ಹಣವೂ ಬಂದು ಸೇರುವುದಿಲ್ಲ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕ ಕುಟುಂಬಗಳ ಮಕ್ಕಳಿಗೆ ಸಿಗಬೇಕಾದ ಹಣ ಈ ಒಂದು ಕಾರಣಕ್ಕೆ ತಪ್ಪಿಹೋಗುವುದನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ತೋಟದ ಮಾಲೀಕರು ದಯವಿಟ್ಟು ಒಂದು ದಿನ ರಜೆ ಕೊಟ್ಟು, ಅವರನ್ನು ನಾಡಕಚೇರಿಗೆ ಕರೆದೊಯ್ಯಿರಿ.

ನಾಲ್ಕನೆಯದು ಸಾಲ, ಅದಕ್ಕೂ ಮೊದಲು ಜಮೀನಿನ ಕಾಗದ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ. ಅದನ್ನು ದಾಟಿದರೆ ಆಸ್ತಿಯ ಭದ್ರತೆ ಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರುವವರಿಗೆ ಅಡಮಾನವೂ ಜಾಮೀನುದಾರರೂ ಬೇಡ. ನಿಮ್ಮ ಕಾಲೇಜು ಪಟ್ಟಿಯಲ್ಲಿದ್ದರೆ ಮೊದಲು ಅಲ್ಲಿಗೇ ಹೋಗಿ. ಇಲ್ಲದಿದ್ದರೆ, ಮಗು ಹತ್ತನೇ ತರಗತಿಯಲ್ಲಿರುವಾಗಲೇ ಜಮೀನಿನ ಕಾಗದ ಸರಿಪಡಿಸುವ ಕೆಲಸ ಶುರುಮಾಡಿ.

ಹೊಸ ಪಹಣಿ ತೆಗೆದು ಎರಡು ಕಡೆ ಬೆರಳಿಟ್ಟು ನೋಡಿ: ಹೆಸರಿನ ಕಾಲಂ ಮತ್ತು 11ನೇ ಕಾಲಂ. ಹೆಸರು ತೀರಿಕೊಂಡವರದ್ದಾದರೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಹಾಕಬೇಕು. ಅದಕ್ಕೆ ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡುವುದು ಇಲ್ಲಿಯ ದೊಡ್ಡ ತಪ್ಪು. ಬೇಗ ಮುಗಿಯಲಿ ಎಂದು ಬಿಟ್ಟವರ ಕಡತ ಬ್ಯಾಂಕಿನ ವಕೀಲರ ಮೇಜಿನಿಂದ ಹಿಂದಿರುಗುತ್ತದೆ. ಅಕ್ಕತಂಗಿಯರ ಮನೆಗೆ ಹೋಗಿ, ಕುಳಿತು ಮಾತಾಡಿ, ಸಹಿ ಪಡೆಯಿರಿ. ಜಮ್ಮಾ ಬಾಣೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಾದರೆ, ಪಟ್ಟೆದಾರರ (ಪಟ್ಟೆ ಯಾರ ಹೆಸರಿನಲ್ಲಿದೆಯೋ ಅವರ) ಜೊತೆಗೆ ಒಕ್ಕದ (ಮನೆತನದ) ಪಾಲುದಾರರೆಲ್ಲರ ಮಾತು ಬರುತ್ತದೆ. ಒಬ್ಬರು ದುಬೈಯಲ್ಲಿ, ಇನ್ನೊಬ್ಬರು ಸೈನ್ಯದಲ್ಲಿ ಇರುತ್ತಾರೆ. ಸುಗ್ಗಿ ಹಬ್ಬ ಪುತ್ತರಿಗೆ ಎಲ್ಲರೂ ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಕಾಗದ ಮುಂದಿಡಿ. ಅಷ್ಟು ಜನ ಒಟ್ಟಿಗೆ ಸಿಗುವ ದಿನ ವರ್ಷದಲ್ಲಿ ಮತ್ತೊಂದಿಲ್ಲ. ಪೋಡಿ, ಅಂದರೆ ಜಮೀನು ಅಳೆದು ಪಾಲು ಬೇರ್ಪಡಿಸುವ ಕೆಲಸ, ಆಗಬೇಕಿದ್ದರೆ ಸರ್ವೆಯವರನ್ನು ಬೇಸಿಗೆಯಲ್ಲೇ ಕರೆಸಿ. ಜೂನ್ ದಾಟಿದರೆ ಆ ಮಳೆ, ಜಿಗಣೆಗಳ ನಡುವೆ ಗಡಿ ಅಳೆಯುವುದು ಯಾರಿಂದಲೂ ಆಗುವುದಿಲ್ಲ.

11ನೇ ಕಾಲಂನ ಹಳೆಯ ಸಾಲ ಸುಲಭದ್ದೆಂದು ಕಡೆಗಣಿಸಬೇಡಿ. ಸಾಲ ತೀರಿದ ಮಾತ್ರಕ್ಕೆ ನಮೂದು ಅಳಿಯುವುದಿಲ್ಲ. ಕೃಷಿ ಪತ್ತಿನ ಸಹಕಾರ ಸಂಘದಿಂದ ಬೇಬಾಕಿ (ಸಾಲ ಬಾಕಿ ಇಲ್ಲ ಎಂಬ) ಪತ್ರ ಪಡೆದು, ಋಣ ತೆಗೆಯಲು ಅರ್ಜಿ ಕೊಟ್ಟು, ಹೊಸ ಪಹಣಿಯಲ್ಲಿ ಅದು ಹೋಗಿರುವುದನ್ನು ಕಣ್ಣಾರೆ ನೋಡಿ. ಆಮೇಲೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ ತೆಗೆಸಿ. ಇಷ್ಟು ಇದ್ದರೆ ಬ್ಯಾಂಕಿನ ಕೆಲಸ ವಾರಗಳಲ್ಲಿ ಮುಗಿಯುತ್ತದೆ.

ಆದರೂ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಪಟ್ಟಣದ ನಿವೇಶನ, ಠೇವಣಿ ಅಥವಾ ವಿಮಾ ಪಾಲಿಸಿ ಇದ್ದರೆ ಅದನ್ನೇ ಅಡವಿಡಿ. ಒಕ್ಕದ ಜಮೀನನ್ನು ಒಬ್ಬ ಮಗುವಿನ ಓದಿಗಾಗಿ ಸಿಕ್ಕಿಸಬೇಡಿ.

ಆದಾಯಕ್ಕೂ ದಾಖಲೆ ಬೇಕು. ಬೆಳೆದ ಕಾಫಿಯನ್ನು ಸಂಸ್ಕರಣಾ ಘಟಕದಲ್ಲಿ ಕ್ಯೂರಿಂಗ್ ಮಾಡಿಸದೆ ಹಾಗೆಯೇ ಮಾರಿದ ಹಣ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಹೀಗಾಗಿ ಅನೇಕ ಬೆಳೆಗಾರರ ಬಳಿ ರಿಟರ್ನ್ಸ್ ಪ್ರತಿಯೂ ಇರುವುದಿಲ್ಲ. ಮಾರಾಟದ ಬಿಲ್ ಕೇಳಿ ಪಡೆಯಿರಿ, ಹಣವನ್ನು ಖಾತೆಗೇ ಹಾಕಿಸಿ. ಕೈಗೆ ನಗದು ಪಡೆದರೆ ಎರಡು ರೂಪಾಯಿ ಹೆಚ್ಚು ಸಿಗಬಹುದು, ಸಾಲದ ದಿನ ಆ ಆದಾಯ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟಾಗಿಯೂ ಶುಲ್ಕದ ಕೊನೆಯ ದಿನ ಹತ್ತಿರವಾದರೆ ಬ್ಯಾಂಕಿನಲ್ಲಿ ಚಿನ್ನ ಇಟ್ಟು ಹಣ ತನ್ನಿ, ಶಿಕ್ಷಣ ಸಾಲಕ್ಕೆ ಆಮೇಲೆ ಓಡಾಡಿ. ಫಸಲಿನ ಮೇಲೆ ಮುಂಗಡ ಮಾತ್ರ ಬೇಡ.

ಐದನೆಯದು, ಬಡ್ಡಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ನಿಜ, ಆದರೆ ಬಡ್ಡಿ ನಿಲ್ಲುವುದಿಲ್ಲ. ನಾಲ್ಕು ವರ್ಷದಲ್ಲಿ, ಪ್ರತಿ ವರ್ಷದ ಆರಂಭದಲ್ಲಿ ಸಮಪಾಲಾಗಿ 7.5 ಲಕ್ಷ ಪಡೆದು, ಸರಳ ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ: ಐದನೇ ವರ್ಷದ ಕೊನೆಗೆ ಬಡ್ಡಿಯೇ 2,62,500 ರೂಪಾಯಿ ಆಗುತ್ತದೆ. ಅದು ಅಸಲಿಗೆ ಸೇರಿದರೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 13,380 ರೂಪಾಯಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದಿದ್ದರೆ ಸುಮಾರು 9,910. ಮೊದಲ ವರ್ಷದ ಬಡ್ಡಿ ತಿಂಗಳಿಗೆ 1,600 ರೂಪಾಯಿಯೂ ಆಗುವುದಿಲ್ಲ. ಹಾಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ, ಕೇಳಿ ಪಡೆಯಿರಿ. ಸಾಲದ ಪತ್ರಕ್ಕೆ ಸಹಿ ಹಾಕುವ ದಿನವೇ, ಬಡ್ಡಿ ಪ್ರತಿ ತಿಂಗಳು ನಿಮ್ಮ ಖಾತೆಯಿಂದ ತಾನಾಗಿ ಹೋಗುವಂತೆ ಬರೆದುಕೊಟ್ಟು ಬನ್ನಿ.