ಬೆಡ್‌ಶೀಟ್ ಕೊಳ್ಳುವಾಗ, ಒಗೆಯುವಾಗ

ಗದಗ, ಹುಬ್ಬಳ್ಳಿ ಭಾಗದ ಬೇಸಿಗೆಗೆ ಬೆವರು ಹೀರುವ ಅಪ್ಪಟ ಹತ್ತಿಯ ಬೆಡ್‌ಶೀಟೇ ಸೂಕ್ತವಾದುದರಿಂದ, ಬಣ್ಣ ಮತ್ತು ಚಿತ್ತಾರ ನೋಡುವ ಮೊದಲು ಪಾಲಿಯೆಸ್ಟರ್ ಎಷ್ಟು ಬೆರೆತಿದೆ ಎಂಬುದನ್ನು ಚೀಟಿಯಲ್ಲಿ ಓದಿಕೊಳ್ಳಿರಿ. ಗಾದಿಯ ಉದ್ದ, ಅಗಲಗಳ ಜೊತೆಗೆ ದಪ್ಪವನ್ನೂ ಅಳೆದುಕೊಂಡು ಅಂಗಡಿಗೆ ಹೋಗಬೇಕು. 60 ಇಂಚು ಅಗಲ, 8 ಇಂಚು ದಪ್ಪದ ಗಾದಿಯ ಎರಡೂ ಬದಿ ಮುಚ್ಚಲು 76 ಇಂಚು ಬೇಕಾಗುತ್ತದೆ. ಅಂಚನ್ನು ಕೆಳಗೆ ಸಿಕ್ಕಿಸಬೇಕು, ಹತ್ತಿ ಮೊದಲ ಒಗೆತದಲ್ಲಿ ತುಸು ಕುಗ್ಗುತ್ತದೆ, ಆದ್ದರಿಂದ 90 ಇಂಚಿನದನ್ನೇ ಕೊಳ್ಳುವುದು ಲೇಸು.

ನಮ್ಮಲ್ಲಿ ಬೆಡ್‌ಶೀಟ್ ಬೇಗ ಹಾಳಾಗಲು ಮುಖ್ಯ ಕಾರಣ ಬೋರ್‌ವೆಲ್‌ನ ಗಡಸು ನೀರು ಎಂದು ನನಗನ್ನಿಸುತ್ತದೆ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗಿ ಎಳೆಗಳ ನಡುವೆ ಕುಳಿತುಕೊಳ್ಳುವುದರಿಂದ ಬಟ್ಟೆ ಬಿರುಸಾಗಿ, ಬಿಳುಪು ಮಾಸಿಹೋಗುತ್ತದೆ. ಬಾರ್ ಸಾಬೂನಿನ ಬದಲು ಡಿಟರ್ಜಂಟ್ ಪುಡಿಯನ್ನು ಮಿತವಾಗಿ ಬಳಸಿ, ನಳಕ್ಕೆ ಹೊಳೆನೀರು ಬಂದ ದಿನವೇ ಒಗೆಯಿರಿ. ಅದಾಗದಿದ್ದರೆ ಕೊನೆಯ ಜಾಲಾಡುವಿಕೆಗಾದರೂ ಆ ನೀರನ್ನು ಕಾದಿರಿಸಿಕೊಳ್ಳಿರಿ. ಬಣ್ಣದ ಹೊಸ ಬೆಡ್‌ಶೀಟನ್ನು ಮೊದಲ ಸಲ ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಒಗೆದು, ಹಿಂಬದಿ ಮೇಲಾಗುವಂತೆ ತಿರುವಿ ನೆರಳಿನಲ್ಲಿ ಒಣಗಿಸಬೇಕು. ಧಾರವಾಡದ ಮಳೆಗಾಲದಲ್ಲಂತೂ ಅಂಚಿನ ಹೊಲಿಗೆಯವರೆಗೂ ಪೂರ್ತಿ ಒಣಗಿದ ಮೇಲೆಯೇ ಮಡಚಿಡಿರಿ, ಇಲ್ಲವಾದರೆ ಕಪಾಟಿನಲ್ಲಿಯೇ ಬೂಸ್ಟು ಹಿಡಿಯುತ್ತದೆ.